ಬಟವಾಡೆ ಮೆಸೇಜ್ ಎಲ್ಲಿ ನಿಂತಿತು? ಬಲ್ಕ್ ಎಸ್‌ಎಂಎಸ್ ದೋಷ ಹುಡುಕುವ ಕ್ರಮ

ಮಂಡ್ಯದ ಕಡೆ ಹಾಲಿನ ಡೇರಿಯಲ್ಲಿ ಬಟವಾಡೆ ಆದ ಮರುದಿನ ಬೆಳಿಗ್ಗೆ ನನಗೆ ಒಂದಾದರೂ ಫೋನ್ ಬರುತ್ತದೆ. ಹಣ ಬ್ಯಾಂಕಿಗೆ ಹೋಗಿರುತ್ತದೆ, ಮೆಸೇಜ್ ಹೋಗಿರುವುದಿಲ್ಲ. ಹಾಲು ಹಾಕಲು ಬಂದವರು ಕ್ಯಾನ್ ಕೆಳಗಿಡುವ ಮೊದಲೇ ದುಡ್ಡಿನ ವಿಚಾರ ಎತ್ತುತ್ತಾರೆ. ಸಂಘದ ಕಾರ್ಯದರ್ಶಿ ಅವರನ್ನು ಸಮಾಧಾನ ಮಾಡಿ ನನ್ನ ಕಡೆ ತಿರುಗುತ್ತಾರೆ: "ಅಣ್ಣ, ಮೆಸೇಜಿಗೆಂದು ಮೊದಲೇ ಕಟ್ಟಿದ್ದ ಕ್ರೆಡಿಟ್ ಕಡಿತವಾಗಿದೆ. ಪೋರ್ಟಲ್‌ನಲ್ಲಿ ಹಸಿರು ಗುರುತು ಬಂದಿದೆ. ಒಬ್ಬರ ಫೋನಿಗೂ ಮೆಸೇಜ್ ಬಂದಿಲ್ಲ. ನೆಟ್‌ವರ್ಕ್ ತೊಂದರೆಯೇ?"

ಕೆಲವು ಡೇರಿ ಸಂಘಗಳು, ಮೈಸೂರಿನ ಒಂದು ಸೀರೆ ಅಂಗಡಿ, ಒಂದು ಕೋಚಿಂಗ್ ಕೇಂದ್ರ, ಒಂದು ಕಲ್ಯಾಣ ಮಂಟಪ, ಇವುಗಳ ಬಲ್ಕ್ ಎಸ್‌ಎಂಎಸ್ (ಒಮ್ಮೆಗೇ ನೂರಾರು ಜನರಿಗೆ ಸಂದೇಶ ಕಳುಹಿಸುವ) ಕೆಲಸ ನನ್ನ ಪಾಲಿಗೆ ಬಂದಿದೆ. ಇಷ್ಟು ದಿನದಲ್ಲಿ ನಿಜವಾಗಿ ನೆಟ್‌ವರ್ಕ್ ಕೆಟ್ಟು ಸಂದೇಶ ನಿಂತದ್ದನ್ನು ನಾನು ಕಂಡದ್ದು ಬೆರಳೆಣಿಕೆಯಷ್ಟು ಸಲ. ಉಳಿದವುಗಳಲ್ಲಿ ಹೆಚ್ಚಿನವು ಒಂದೇ ಜಾತಿಯ ದೋಷಗಳು: ನೋಂದಣಿ ಮಾಡಿಸಿದ್ದು ಒಂದು, ಕಳುಹಿಸಿದ್ದು ಇನ್ನೊಂದು. ಆ ಎರಡರ ನಡುವಿನ ವ್ಯತ್ಯಾಸ ಕೆಲವೊಮ್ಮೆ ಕಣ್ಣಿಗೇ ಕಾಣುವುದಿಲ್ಲ. ಅದನ್ನು ಹುಡುಕುವ ದಾರಿಯನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಸಂದೇಶ ದಾಟುವ ತೂಬುಗಳು

ನಮ್ಮ ದೇಶದಲ್ಲಿ ವ್ಯಾಪಾರಿಯಾಗಲಿ ಸಂಘವಾಗಲಿ ಸಗಟಾಗಿ ಕಳುಹಿಸುವ ಎಸ್‌ಎಂಎಸ್‌ಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2018ರಲ್ಲಿ ಹೊರಡಿಸಿದ ನಿಯಮಾವಳಿ ಅನ್ವಯಿಸುತ್ತದೆ. ಅದರ ಪ್ರಕಾರ ನಾಲ್ಕು ಸಂಗತಿಗಳು ಮೊಬೈಲ್ ಕಂಪನಿಗಳು ನೋಂದಣಿಗೆಂದೇ ನಡೆಸುವ ಡಿಎಲ್‌ಟಿ ಪೋರ್ಟಲ್‌ನಲ್ಲಿ ಮೊದಲೇ ದಾಖಲಾಗಿರಬೇಕು: ಕಳುಹಿಸುವವರು ಯಾರು, ಯಾವ ಹೆಸರಿನಿಂದ ಕಳುಹಿಸುತ್ತಾರೆ, ಏನು ಬರೆಯುತ್ತಾರೆ, ಯಾರ ಮೂಲಕ ಕಳುಹಿಸುತ್ತಾರೆ. ಕಳುಹಿಸುವ ಹೆಸರಿಗೆ ಹೆಡರ್ ಎನ್ನುತ್ತಾರೆ. ಹಳಬರು ಈಗಲೂ ಸೆಂಡರ್ ಐಡಿ ಎಂದೇ ಕರೆಯುವುದು. ಬರಹದ ಮಾದರಿಗೆ ಟೆಂಪ್ಲೇಟ್ ಎಂದು ಹೆಸರು. ಪ್ರತಿ ಸಂದೇಶವೂ ಈ ದಾಖಲೆಗಳ ಜೊತೆ ತಾಳೆಯಾಗಬೇಕು, ಆಗದಿದ್ದರೆ ಅಲ್ಲೇ ನಿಲ್ಲುತ್ತದೆ.

ವಿ.ಸಿ. ನಾಲೆಯ ಕೊನೆಯ ಭಾಗದಲ್ಲಿ ಜಮೀನಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗದ್ದೆಗೆ ನೀರು ಬರದಿದ್ದರೆ ಅವರು ಕನ್ನಂಬಾಡಿ ಅಣೆಕಟ್ಟಿಗೆ ಓಡುವುದಿಲ್ಲ, ನಾಲೆ ಹಿಡಿದು ನಡೆಯುತ್ತ ಯಾವ ತೂಬು ಮುಚ್ಚಿದೆ ಎಂದು ನೋಡುತ್ತಾರೆ. ಇಲ್ಲಿಯೂ ಹಾಗೆಯೇ ನಡೆಯಬೇಕು.

ಈ ತಾಳೆ ನೋಡುವ ಕೆಲಸ ಶುರುವಾದ ದಿನ ದೇಶಕ್ಕೇ ಬಿಸಿ ತಟ್ಟಿತ್ತು. 2021ರ ಮಾರ್ಚ್ 8ರಂದು ಮೊಬೈಲ್ ಕಂಪನಿಗಳು ಟೆಂಪ್ಲೇಟ್ ತಪಾಸಣೆ ಆರಂಭಿಸಿದವು. ಬ್ಯಾಂಕುಗಳ ಒಟಿಪಿಯೇ ಜನರಿಗೆ ಸಿಗದೆ ಹೋಯಿತು. ಮರುದಿನವೇ ಟ್ರಾಯ್ ಅದನ್ನು ಏಳು ದಿನ ತಡೆಹಿಡಿಯಿತು. ದೊಡ್ಡ ದೊಡ್ಡ ಬ್ಯಾಂಕುಗಳೇ ನೋಂದಣಿಯಲ್ಲಿ ಎಡವಿದ್ದವು ಎಂಬುದನ್ನು, ಗಾಬರಿಯಾದ ಕಾರ್ಯದರ್ಶಿಗಳಿಗೆ ನಾನು ಆಗಾಗ ನೆನಪಿಸುತ್ತೇನೆ. ಅರ್ಧ ಗಾಬರಿ ಅಲ್ಲಿಗೇ ಇಳಿಯುತ್ತದೆ.

ಯಾರಿಗೆ ಬಂದಿಲ್ಲ?

ಕಂಪ್ಯೂಟರ್ ಮುಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ ಇದು. "ಯಾರಿಗೂ ಬಂದಿಲ್ಲ" ಎಂದು ಹೇಳುವವರು ಸಾಮಾನ್ಯವಾಗಿ ತಮ್ಮ ಫೋನನ್ನೂ ಪಕ್ಕದವರ ಫೋನನ್ನೂ ನೋಡಿರುತ್ತಾರೆ, ಅಷ್ಟೆ. ಬೇರೆ ಬೇರೆ ಕಂಪನಿಯ ಸಿಮ್ ಇರುವ ಐದಾರು ಸದಸ್ಯರನ್ನು ಕೇಳಿ ನೋಡಿ.

ಒಬ್ಬರಿಗೂ ಇಲ್ಲ ಎಂದಾದರೆ ದೋಷ ನಿಮ್ಮ ತುದಿಯಲ್ಲಿದೆ: ಹೆಡರ್, ಟೆಂಪ್ಲೇಟ್, ಜಾಲತಾಣದ ಕೊಂಡಿ ಅಥವಾ ಸಂದೇಶ ಕೈದಾಟುವ ಸರಪಳಿ. ಒಂದೊಂದನ್ನೂ ಮುಂದೆ ನೋಡೋಣ. ಒಂದೇ ಕಂಪನಿಯ ಸಿಮ್‌ಗಳಿಗೆ ಮಾತ್ರ ಇಲ್ಲ ಎಂದಾದರೆ ನಿಮ್ಮ ನೋಂದಣಿ ಆ ಕಂಪನಿಯ ದಾಖಲೆಗೆ ಇನ್ನೂ ತಲುಪಿಲ್ಲ ಎಂದು ಊಹಿಸಬಹುದು. ಹೊಸ ಟೆಂಪ್ಲೇಟ್ ಒಪ್ಪಿಗೆಯಾದ ದಿನವೇ ಕಳುಹಿಸಿದರೆ ಹೀಗಾಗುತ್ತದೆ. ಅಲ್ಲೊಬ್ಬರು ಇಲ್ಲೊಬ್ಬರಿಗೆ ಮಾತ್ರ ತಪ್ಪಿದ್ದರೆ ಅವರ ಹೆಸರು, ಊರು, ಮೊತ್ತ ಸೇರುವ ಜಾಗವನ್ನು ಅನುಮಾನಿಸಿ. ಒಬ್ಬರಿಗೇ ಇಲ್ಲ ಎಂದಾದರೆ ಅವರ ಫೋನನ್ನು ಕೈಗೆ ತೆಗೆದುಕೊಂಡು ಸ್ಪ್ಯಾಮ್ ಪೆಟ್ಟಿಗೆ ತೆರೆಯಿರಿ. ನಾನು ನೋಡಿದ ಇಂಥ ಪ್ರಕರಣಗಳಲ್ಲಿ ಅರ್ಧಕ್ಕರ್ಧ ಅಲ್ಲೇ ಮುಗಿದಿವೆ.

ಹಸಿರು ಗುರುತಿನ ಬೆಲೆ

ಸಂದೇಶ ಬಿಡುವ ಸೇವಾದಾರರ ಪೋರ್ಟಲ್‌ನಲ್ಲಿ (ಡಿಎಲ್‌ಟಿಯದಲ್ಲ) "ಸಬ್ಮಿಟೆಡ್" ಎಂದು ಬಂದರೆ ಎಸ್‌ಎಂಎಸ್ ಸೇವೆ ಮಾರುವವರು ನಿಮ್ಮಿಂದ ಸಂದೇಶ ಪಡೆದರು ಎಂದರ್ಥ. ಅಂಚೆ ಕಚೇರಿಯ ಕಿಟಕಿಯಲ್ಲಿ ಕೊಡುವ ರಸೀತಿ ಅದು; ಕಾಗದ ಮನೆ ಮುಟ್ಟಿತೆಂದು ಅದರಲ್ಲಿ ಬರೆದಿರುವುದಿಲ್ಲ. ಹಲವು ಸೇವಾದಾರರು ಇದನ್ನೇ "ಸಕ್ಸಸ್" ಎಂದು ಹಸಿರು ಬಳಿದು ತೋರಿಸುತ್ತಾರೆ, ಕ್ರೆಡಿಟ್ಟನ್ನೂ ಆಗಲೇ ಕಡಿಯುತ್ತಾರೆ. ಇದು ನನಗೆ ಹಿಡಿಸದ ಅಭ್ಯಾಸ, ಆದರೆ ಒಪ್ಪಂದದ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.

ನೀವು ಇಳಿಸಿಕೊಳ್ಳಬೇಕಾದದ್ದು ಡೆಲಿವರಿ ರಿಪೋರ್ಟ್. ಅದರಲ್ಲಿ "ಡೆಲಿವರ್ಡ್" ಎಂದಿದ್ದರೆ ಫೋನ್ ಸಂದೇಶವನ್ನು ಒಪ್ಪಿಕೊಂಡಿದೆ. "ಎಕ್ಸ್‌ಪೈರ್ಡ್" ಎಂದಿದ್ದರೆ ಫೋನ್ ಆರಿತ್ತು ಅಥವಾ ಸಿಗ್ನಲ್ ಇರಲಿಲ್ಲ, ಕಾಯುವ ಅವಧಿ ಮುಗಿಯಿತು. "ರಿಜೆಕ್ಟೆಡ್" ಎಂದಿದ್ದರೆ ಯಾವುದೋ ತೂಬು ಮುಚ್ಚಿದೆ. ಪಕ್ಕದಲ್ಲಿರುವ ದೋಷ ಸಂಖ್ಯೆಯ ಅರ್ಥ ಒಬ್ಬೊಬ್ಬ ಸೇವಾದಾರರದು ಒಂದೊಂದು. ಅವರ ಪಟ್ಟಿಯನ್ನು ಕೇಳಿ ಪಡೆದು ಗೋಡೆಗೆ ಅಂಟಿಸಿಕೊಳ್ಳಿ. ಆ ಸಂಖ್ಯೆ ನೋಡದೆ ಟೆಂಪ್ಲೇಟ್ ತಿದ್ದಲು ಹೋಗುವುದು, ಜ್ವರ ನೋಡದೆ ಮಾತ್ರೆ ನುಂಗಿದ ಹಾಗೆ.

ಹೆಡರ್ ನೋಡುವುದು

ಇದು ಬೇಗ ಮುಗಿಯುವ ಪರೀಕ್ಷೆ. ಸೇವೆಯ ಸಂದೇಶಗಳ ಹೆಡರ್ ಸಾಮಾನ್ಯವಾಗಿ ಇಂಗ್ಲಿಷಿನ ಆರು ಅಕ್ಷರಗಳದ್ದು. ದೊಡ್ಡಕ್ಷರ, ಸಣ್ಣಕ್ಷರಗಳನ್ನು ಪೋರ್ಟಲ್ ಬೇರೆ ಬೇರೆ ಎಂದೇ ಎಣಿಸುತ್ತದೆ, ಆದ್ದರಿಂದ ನಕಲು ಮಾಡಿ ಅಂಟಿಸಿ, ಬೆರಳಚ್ಚು ಮಾಡಬೇಡಿ. ಪ್ರಚಾರದ ಸಂದೇಶಕ್ಕೆ ಹೆಡರ್ ಬೇರೆ ಪಡೆಯಬೇಕು. ಬಹಳ ಕಾಲ ಬಳಸದ ಹೆಡರ್ ನಿಷ್ಕ್ರಿಯವಾಗಿರಬಹುದು. ಕಲ್ಯಾಣ ಮಂಟಪದವರಿಗೆ ಆಷಾಢ ಕಳೆದ ಮೇಲೆ ಪ್ರತಿ ವರ್ಷ ಈ ಕಾಟ ಇದ್ದದ್ದೇ.

ಫೋನಿನಲ್ಲಿ ಹೆಡರ್‌ನ ಮುಂದೆ ಎರಡು ಅಕ್ಷರ, ಹಿಂದೆ ಒಂದು ಅಕ್ಷರ ಕಾಣುತ್ತವೆ. ಮುಂದಿನ ಎರಡರಲ್ಲಿ ಮೊದಲನೆಯದು ಕಂಪನಿ: ಎ ಎಂದರೆ ಏರ್‌ಟೆಲ್, ಜೆ ಎಂದರೆ ಜಿಯೋ, ಬಿ ಎಂದರೆ ಬಿಎಸ್‌ಎನ್‌ಎಲ್, ವಿ ಎಂದರೆ ವೊಡಾಫೋನ್ ಐಡಿಯಾ. ಎರಡನೆಯದು ವಲಯ, ಕರ್ನಾಟಕದ ಗುರುತು ಎಕ್ಸ್, ದೆಹಲಿಯದು ಡಿ. ಮಂಡ್ಯದ ಸಂಘದ ಸಂದೇಶ ದೆಹಲಿಯ ಗುರುತು ಹೊತ್ತು ಬಂತೆಂದು ಒಬ್ಬ ಸದಸ್ಯರು ಅದನ್ನು ವಂಚಕರದ್ದೆಂದು ಅಳಿಸಿಹಾಕಿದ್ದರು. ಸಂದೇಶ ಯಾವ ವಲಯದಿಂದ ಜಾಲಕ್ಕೆ ಹೊಕ್ಕಿತೋ ಆ ಗುರುತು ಬೀಳುತ್ತದೆ, ಕಳುಹಿಸಿದವರ ಊರು ಅಲ್ಲಿ ಲೆಕ್ಕಕ್ಕಿಲ್ಲ. ಕೊನೆಯ ಅಕ್ಷರ 2025ರ ತಿದ್ದುಪಡಿಯಿಂದ ಬಂದದ್ದು: ಪಿ ಪ್ರಚಾರ, ಎಸ್ ಸೇವೆ, ಟಿ ವಹಿವಾಟು, ಜಿ ಸರ್ಕಾರ. ಹೆಡರ್ ಯಾರದ್ದೆಂಬ ಅನುಮಾನ ಬಂದರೆ ಟ್ರಾಯ್ ನಡೆಸುವ ಹೆಡರ್ ಮಾಹಿತಿ ಜಾಲತಾಣದಲ್ಲಿ ಹುಡುಕಿ ಮಾಲೀಕರ ಹೆಸರು ನೋಡಬಹುದು.

ಟೆಂಪ್ಲೇಟ್: ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ

ಇಂಗ್ಲಿಷಿನಲ್ಲಿ ಮಾತ್ರ ಕಳುಹಿಸುವವರು ಈ ಭಾಗವನ್ನು ಬಿಟ್ಟು ಮುಂದೆ ಹೋಗಬಹುದು. ಕನ್ನಡದಲ್ಲಿ ಕಳುಹಿಸುವವರಿಗೆ ತಲೆನೋವೆಲ್ಲ ಇಲ್ಲಿಯೇ.

ಡೇರಿಯಿಂದ ಫೋನ್ ಬಂದ ಅಂಥ ಒಂದು ಬೆಳಗಿನ ಪ್ರಕರಣವನ್ನೇ ಹೇಳುತ್ತೇನೆ. ಟೆಂಪ್ಲೇಟ್ ಹಳೆಯದು, ವರ್ಷಗಟ್ಟಲೆ ತಕರಾರಿಲ್ಲದೆ ಹೋಗುತ್ತಿತ್ತು. ಹೆಡರ್ ಸರಿ, ಟೆಂಪ್ಲೇಟ್ ಐಡಿಯ 19 ಅಂಕಿಗಳೂ ಸರಿ. ರಿಪೋರ್ಟ್‌ನಲ್ಲಿ ಎಲ್ಲ ಸಾಲಿಗೂ "ರಿಜೆಕ್ಟೆಡ್". ಪೋರ್ಟಲ್‌ನಲ್ಲಿ ಒಪ್ಪಿಗೆಯಾದ ಬರಹವನ್ನೂ ಬಿಲ್ಲಿಂಗ್ ತಂತ್ರಾಂಶದಿಂದ ಹೊರಟ ಬರಹವನ್ನೂ ಅಕ್ಕಪಕ್ಕ ಇಟ್ಟು ಓದಿದೆ. ಕಾರ್ಯದರ್ಶಿಗಳೂ ಫೋನಿನಲ್ಲಿ ಓದಿದರು. ಒಂದು ಅಲ್ಪವಿರಾಮವೂ ವ್ಯತ್ಯಾಸವಿಲ್ಲ.

ಆಮೇಲೆ ಎರಡನ್ನೂ ಒಂದೇ ಪುಟದಲ್ಲಿ ಮೇಲೆ ಕೆಳಗೆ ಅಂಟಿಸಿ, ಒಂದೊಂದೇ ಪದವನ್ನು ಹುಡುಕು ಪೆಟ್ಟಿಗೆಯಲ್ಲಿ ಹಾಕುತ್ತ ಬಂದೆ. ಪ್ರತಿ ಪದಕ್ಕೂ ಎರಡು ಕಡೆ ಹಳದಿ ಬಣ್ಣ ಹತ್ತುತ್ತಿತ್ತು. "ಸಂಘ" ಎಂದು ಹಾಕಿದಾಗ ಮೇಲಿನದಕ್ಕೆ ಮಾತ್ರ ಹತ್ತಿತು. ಕೆಳಗಿನದು "ಸ೦ಘ". ಹತ್ತಿರದಿಂದ ನೋಡಿ: ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಕನ್ನಡದ ಸೊನ್ನೆ. ಆ ತಿಂಗಳು ತಂತ್ರಾಂಶವನ್ನು ಹೊಸದಾಗಿ ಹಾಕುವಾಗ ಯಾರೋ ಸಂದೇಶವನ್ನು ಮತ್ತೆ ಬೆರಳಚ್ಚು ಮಾಡಿದ್ದರು, ದುಂಡಗೆ ಕಂಡದ್ದನ್ನು ಒತ್ತಿದ್ದರು. ಓದುವವರಿಗೆ ಅದು ಸಂಘವೇ. ಯಂತ್ರಕ್ಕೆ ಮಾತ್ರ ಸ, ಸೊನ್ನೆ, ಘ.

ಈ ಸೊನ್ನೆಯ ಕಾಟ ಹುಡುಕು ಪೆಟ್ಟಿಗೆಗೆ ಸಿಗುತ್ತದೆ. ಸಿಗದವು ಇನ್ನೂ ಎರಡಿವೆ.

ಒಂದು, ಪದದ ಕೊನೆಯ ಅರ್ಧಾಕ್ಷರದ ಹಿಂದೆ ಅಡಗುವ ಅದೃಶ್ಯ ಸಂಕೇತ. "ಬಸ್‌ನಲ್ಲಿ" ಎಂದು ಬರೆಯುವಾಗ ಸ್ ಮತ್ತು ನ ಒತ್ತಾಗಿ ಕೂಡದಂತೆ ತಡೆಯಲು ನಡುವೆ ಒಂದು ಕಾಣದ ಸಂಕೇತ ಹಾಕುತ್ತೇವೆ. ಕೆಲವು ಬೆರಳಚ್ಚು ತಂತ್ರಾಂಶಗಳು ಅದನ್ನು "ಲೀಟರ್" ಎಂಬಂಥ ಪದದ ಕೊನೆಗೂ ತಾವಾಗಿಯೇ ಸೇರಿಸುತ್ತವೆ. ಅಲ್ಲಿ ಅದು ಏನನ್ನೂ ಬದಲಿಸುವುದಿಲ್ಲ, ಕಣ್ಣಿಗೆ ಕಾಣುವುದೂ ಇಲ್ಲ.

ಎರಡು, ಒಡೆದ ಸ್ವರಚಿಹ್ನೆ. "ಡೇರಿ" ಪದದ ಏತ್ವವನ್ನು, ಕಂಪ್ಯೂಟರು ಎಲ್ಲ ಭಾಷೆಯ ಅಕ್ಷರಗಳಿಗೂ ಬಳಸುವ ಸಂಕೇತ ಪಟ್ಟಿಯಾದ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ಓತ್ವ, ಐತ್ವಗಳಿಗೂ ಇದೇ ಪಾಡು. ಪರದೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸವಿರುವುದಿಲ್ಲ.

ಇವೆರಡನ್ನೂ ಹಿಡಿಯಲು ಎಕ್ಸೆಲ್ ಸಾಕು. ಒಂದು ಕೋಶದಲ್ಲಿ ಪೋರ್ಟಲ್‌ನ ಪದ, ಪಕ್ಕದ ಕೋಶದಲ್ಲಿ ಕಳುಹಿಸಿದ ಪದ ಹಾಕಿ. ಎರಡಕ್ಕೂ ಉದ್ದ ಎಣಿಸುವ ಲೆನ್ ಸೂತ್ರ ಕೊಡಿ. "ಲೀಟರ್" 5 ಬರಬೇಕು, 6 ಬಂದರೆ ಅದೃಶ್ಯ ಸಂಕೇತ ಕೂತಿದೆ. "ಡೇರಿ" 4 ಬರಬೇಕು, 5 ಬಂದರೆ ಏತ್ವ ಒಡೆದಿದೆ. ಮೊದಲು ಇಡೀ ಸಂದೇಶದ ಉದ್ದ ನೋಡಿ, ವ್ಯತ್ಯಾಸ ಇದ್ದರೆ ಸಾಲು ಸಾಲಾಗಿ, ಆಮೇಲೆ ಪದ ಪದವಾಗಿ ಇಳಿಯಿರಿ. ಹತ್ತು ನಿಮಿಷದ ಕೆಲಸ. ಪರಿಹಾರವೂ ಸುಲಭ: ಪೋರ್ಟಲ್‌ನಲ್ಲಿ ಒಪ್ಪಿಗೆಯಾದ ಬರಹವನ್ನೇ ನಕಲು ಮಾಡಿ ತಂತ್ರಾಂಶಕ್ಕೆ ಅಂಟಿಸಿ. ಕನ್ನಡ ಚೆನ್ನಾಗಿ ಬರುತ್ತದೆ ಎಂಬ ಧೈರ್ಯದಿಂದ ಯಾರೂ ಅದನ್ನು ಮತ್ತೆ ಟೈಪ್ ಮಾಡಬಾರದು.

ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಬರಹ ಯೂನಿಕೋಡ್ ಆಗಿರುವುದಿಲ್ಲ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡ. ಪೋರ್ಟಲ್‌ಗೆ ಅಂಟಿಸಿದೊಡನೆ ರೋಮನ್ ಅಕ್ಷರಗಳ ಕಲಸುಮೇಲೋಗರ. ಅದನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ಇನ್ನು ಸಂದೇಶ ಮುಟ್ಟಿದರೂ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬಂದಿದ್ದರೆ ಟೆಂಪ್ಲೇಟನ್ನು ದೂರಬೇಡಿ. ಕಳುಹಿಸುವಾಗ ಸಂದೇಶದ ಬಗೆ ಯೂನಿಕೋಡ್ ಎಂದು ಆಯ್ಕೆ ಮಾಡಿಲ್ಲ, ಅಷ್ಟೇ.

ವೇರಿಯಬಲ್ ಮತ್ತು ಉದ್ದದ ಲೆಕ್ಕ

ಕೆಲವರಿಗೆ ಮಾತ್ರ ತಪ್ಪಿದಾಗ ನೋಡಬೇಕಾದ ಜಾಗ ಇದು. ಹೆಸರು, ಮೊತ್ತ, ದಿನಾಂಕ ಬದಲಾಗುವ ಕಡೆ ಟೆಂಪ್ಲೇಟಿನಲ್ಲಿ ವೇರಿಯಬಲ್ ಇಡುತ್ತೇವೆ. ಒಂದು ವೇರಿಯಬಲ್‌ಗೆ 30 ಸಂಕೇತಗಳ ಮಿತಿ. ಇಲ್ಲಿ ಅಕ್ಷರ ಎಂದು ನಾವು ಎಣಿಸುವುದಕ್ಕೂ ಯಂತ್ರ ಎಣಿಸುವುದಕ್ಕೂ ತಾಳೆಯಿಲ್ಲ. ಶ್ರೀರಂಗಪಟ್ಟಣ ಎಂಬುದು ನಮಗೆ ಆರು ಅಕ್ಷರ, ಯಂತ್ರಕ್ಕೆ 12. ಶ್ರೀ ಒಂದೇ ನಾಲ್ಕು ನುಂಗುತ್ತದೆ.

ಒಂದು ಸಂಘದಲ್ಲಿ ವಿಳಾಸವನ್ನು "ಕೃಷ್ಣರಾಜಪೇಟೆ ತಾಲ್ಲೂಕು ಕಿಕ್ಕೇರಿ" ಎಂದು ತುಂಬುತ್ತಿದ್ದರು. ಎಣಿಸಿ ನೋಡಿದರೆ ಸರಿಯಾಗಿ 30. ಸಂದೇಶ ಹೋಗುತ್ತಿತ್ತು. ಯಾರೋ ಅಚ್ಚುಕಟ್ಟಾಗಿರಲಿ ಎಂದು ಕೊನೆಗೆ "ಹೋಬಳಿ" ಸೇರಿಸಿದರು. ಆ ಸದಸ್ಯರಿಗೆ ಮಾತ್ರ ಸಂದೇಶ ನಿಂತಿತು. "ತಾಲ್ಲೂಕು" ಬಿಟ್ಟು "ಕೆ.ಆರ್. ಪೇಟೆ" ಎಂದಷ್ಟೇ ಬದಲಿಸಿದ ಮೇಲೆ ಹೋಬಳಿಯೂ ಉಳಿಯಿತು, ಸಂದೇಶವೂ ಹೋಯಿತು. 2025ರ ನವೆಂಬರ್‌ನಲ್ಲಿ ಟ್ರಾಯ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವೇರಿಯಬಲ್‌ನಲ್ಲಿ ಬರುವುದು ಕೊಂಡಿಯೋ ಅಂಕಿಯೋ ಫೋನ್ ಸಂಖ್ಯೆಯೋ ಎಂದು ಮೊದಲೇ ಗುರುತು ಹಾಕಿಸಲು ಆದೇಶಿಸಿದೆ. ಹಳೆಯ ಟೆಂಪ್ಲೇಟ್ ಇದ್ದಕ್ಕಿದ್ದಂತೆ ಕೈಕೊಟ್ಟರೆ ಈ ಗುರುತನ್ನೂ ಪರೀಕ್ಷಿಸಿ.

"ಮೆಸೇಜ್ ಹೋಗುತ್ತದೆ, ಬಿಲ್ ಮಾತ್ರ ಎರಡರಷ್ಟು" ಎಂಬ ದೂರಿನ ಬೇರೂ ಇಲ್ಲೇ ಇದೆ. ಇಂಗ್ಲಿಷ್ ಎಸ್‌ಎಂಎಸ್ ಒಂದಕ್ಕೆ 160 ಅಕ್ಷರ. ಕನ್ನಡಕ್ಕೆ 70 ಸಂಕೇತ. ದಾಟಿದರೆ ತಲಾ 67ರ ಭಾಗಗಳಾಗಿ ಒಡೆಯುತ್ತದೆ, ಪ್ರತಿ ಭಾಗಕ್ಕೂ ಕ್ರೆಡಿಟ್. "ಈ ಬಟವಾಡೆ ಹಣ ನಿಮ್ಮ ಖಾತೆಗೆ ಜಮಾ ಆಗಿದೆ." ಇಷ್ಟಕ್ಕೇ 35, ಅಂದರೆ ಅರ್ಧ ಮುಗಿಯಿತು. ಹಾಲಿನ ಲೀಟರ್, ಜಿಡ್ಡಿನಂಶ, ಮೊತ್ತ ಎಲ್ಲ ಸೇರಿಸಿದರೆ ಎರಡು ಭಾಗಕ್ಕೆ ಕಡಿಮೆಯಾಗುವುದಿಲ್ಲ. ನಾನಾದರೆ ಎರಡು ಭಾಗದ ಖರ್ಚು ಒಪ್ಪಿಕೊಂಡು ಕನ್ನಡದಲ್ಲೇ ಕಳುಹಿಸಿ ಎನ್ನುತ್ತೇನೆ. ಓದಲಾಗದ ಇಂಗ್ಲಿಷ್ ಸಂದೇಶ ಅಗ್ಗವಾದರೂ ದಂಡ. ಇಂಗ್ಲಿಷಿನಲ್ಲಿ ಕಳುಹಿಸುವವರು ರೂಪಾಯಿಯ ಚಿಹ್ನೆ ₹ ಬಳಸುವ ಮೊದಲು ಯೋಚಿಸಿ. ಅದೊಂದು ಇದ್ದರೆ ಇಡೀ ಸಂದೇಶ ಯೂನಿಕೋಡ್ ಆಗುತ್ತದೆ. ಸೀರೆ ಅಂಗಡಿಯ 158 ಅಕ್ಷರದ ಸಂದೇಶ ಆ ಒಂದು ಚಿಹ್ನೆಯಿಂದ ಮೂರು ಭಾಗವಾಗಿತ್ತು. ವರ್ಡ್‌ನಿಂದ ಅಂಟಿಸಿದ ಬಾಗಿದ ಉದ್ಧರಣ ಚಿಹ್ನೆಯೂ ಇದೇ ಕೆಲಸ ಮಾಡುತ್ತದೆ.

ಬಗೆ ತಪ್ಪಿದರೆ

ಅದೇ ಸೀರೆ ಅಂಗಡಿ, ದಸರಾ ಸಮಯ. ಬಿಲ್ ಮಾಡಿದ ಗ್ರಾಹಕರಿಗೆ ಧನ್ಯವಾದ ಹೇಳುವ ಟೆಂಪ್ಲೇಟ್ ಸೇವೆಯ ಬಗೆಯಲ್ಲಿ ಒಪ್ಪಿಗೆಯಾಗಿತ್ತು. ಮಾಲೀಕರ ಮಗ ಅದರ ಕೊನೆಗೆ ರಿಯಾಯಿತಿಯ ಒಂದು ಸಾಲು ಸೇರಿಸಿ ಹೊಸ ಟೆಂಪ್ಲೇಟ್ ಹಾಕಿದರು, ಪೋರ್ಟಲ್ ತಿರಸ್ಕರಿಸಿತು. ಧನ್ಯವಾದ ಸೇವೆ, ರಿಯಾಯಿತಿ ಪ್ರಚಾರ. ಎರಡನ್ನೂ ಬೆರೆಸಿದರೆ ಒಟ್ಟು ಪ್ರಚಾರವೇ. ಸರಿ, ಪ್ರಚಾರದ ಟೆಂಪ್ಲೇಟ್ ಮಾಡಿಸಿ, ಅಂಗಡಿ ಮುಚ್ಚಿದ ಮೇಲೆ ರಾತ್ರಿ ಒಂಬತ್ತೂವರೆಗೆ ಕಳುಹಿಸಿದರು. ಮತ್ತೆ ನಿಂತಿತು. ಪ್ರಚಾರದ ಸಂದೇಶಗಳನ್ನು ಸಾಮಾನ್ಯವಾಗಿ ಬೆಳಿಗ್ಗೆ 10ರಿಂದ ರಾತ್ರಿ 9ರವರೆಗೆ ಮಾತ್ರ ಬಿಡುತ್ತಾರೆ. ಮರುದಿನ ಹಗಲು ಕಳುಹಿಸಿದಾಗ ಹೋಯಿತು, ಆದರೂ ಹಲವರಿಗೆ ಮುಟ್ಟಲಿಲ್ಲ. ಅವರು 1909ಕ್ಕೆ ತಿಳಿಸಿ ಪ್ರಚಾರವನ್ನು ತಡೆದುಕೊಂಡವರು. ಅದು ದೋಷವಲ್ಲ, ಅವರ ಹಕ್ಕು. ಅದನ್ನು ದಾಟುವ ದಾರಿ ಹುಡುಕಿಕೊಡಿ ಎಂದು ನನ್ನನ್ನು ಕೇಳಬೇಡಿ.

ಡೇರಿಯವರು ಮಾಡುವ ತಪ್ಪು ಇದರ ತಿರುವುಮುರುವು. ಹಣ ಜಮಾ ಆಗಿದೆ ಎಂಬ ಸಂದೇಶವನ್ನು "ವಹಿವಾಟು" ಬಗೆಯಲ್ಲಿ ಹಾಕುತ್ತಾರೆ. ಪದಕ್ಕೆ ತಕ್ಕ ಅರ್ಥವೇ, ಆದರೆ ಆ ಬಗೆ ಹುಟ್ಟಿದ್ದು ಬ್ಯಾಂಕಿನ ಒಟಿಪಿಯಂಥವಕ್ಕೆ. ಬಟವಾಡೆಯ ಮಾಹಿತಿ ಸೇವೆಯ ಬಗೆಗೆ ಸೇರುತ್ತದೆ.

ಕೊಂಡಿ, ಫೋನ್ ಸಂಖ್ಯೆ

2024ರ ಅಕ್ಟೋಬರ್ 1ರಿಂದ, ಮೊದಲೇ ವೈಟ್‌ಲಿಸ್ಟ್ (ಅನುಮತಿ ಪಟ್ಟಿಗೆ ಸೇರ್ಪಡೆ) ಮಾಡಿಸದ ಜಾಲತಾಣದ ಕೊಂಡಿಯಾಗಲಿ ಆ್ಯಪ್ ಕಡತದ ಕೊಂಡಿಯಾಗಲಿ ಇರುವ ಸಂದೇಶ ತಡೆಯಲ್ಪಡುತ್ತದೆ. ತಿರುಗಿ ಕರೆ ಮಾಡಲು ಕೊಡುವ ಫೋನ್ ಸಂಖ್ಯೆಗೂ ವೈಟ್‌ಲಿಸ್ಟ್ ಬೇಕು. ಇದನ್ನು ಮರೆಯುವವರು ಹೆಚ್ಚು. ಕೋಚಿಂಗ್ ಕೇಂದ್ರದವರು ಫಲಿತಾಂಶದ ಕೊಂಡಿಯನ್ನು ಪ್ರತಿ ಸಲ ಯಾವುದೋ ಉಚಿತ ತಾಣದಲ್ಲಿ ಚಿಕ್ಕದು ಮಾಡಿ ಹಾಕುತ್ತಿದ್ದರು. ಅವರದೇ ಜಾಲತಾಣದ ವಿಳಾಸವನ್ನು ಒಮ್ಮೆ ನೋಂದಣಿ ಮಾಡಿಸಿ, ಬದಲಾಗುವ ಬಾಲವನ್ನು ಮಾತ್ರ ವೇರಿಯಬಲ್ ಮಾಡಿದೆವು. ತೊಂದರೆ ಅಲ್ಲಿಗೆ ನಿಂತಿತು.

ಸರಪಳಿ

ಎಲ್ಲವೂ ನಿನ್ನೆಯವರೆಗೆ ಸರಿಯಿತ್ತು, ನೀವು ಏನನ್ನೂ ಮುಟ್ಟಿಲ್ಲ, ಇವತ್ತು ಎಲ್ಲ ಟೆಂಪ್ಲೇಟೂ ಒಟ್ಟಿಗೆ ಸತ್ತಿವೆ. ಹೀಗಿದ್ದರೆ ಅಕ್ಷರ ಎಣಿಸುತ್ತ ಕೂರಬೇಡಿ. ಸಂದೇಶ ನಿಮ್ಮಿಂದ ಮೊಬೈಲ್ ಕಂಪನಿಯವರೆಗೆ ಯಾರ ಯಾರ ಕೈ ದಾಟುತ್ತದೆ ಎಂಬ ಸರಪಳಿ ಡಿಎಲ್‌ಟಿಯಲ್ಲಿ ದಾಖಲಾಗಿರಬೇಕು. ದಾಖಲಾಗದ ದಾರಿಯಲ್ಲಿ ಬಂದ ಸಂದೇಶವನ್ನು 2024ರ ಡಿಸೆಂಬರ್ 11ರಿಂದ ತಿರಸ್ಕರಿಸುತ್ತಾರೆ. ನಿಮ್ಮ ಸೇವಾದಾರರು ತಮ್ಮ ಮೇಲಿನ ಸಗಟು ಸೇವಾದಾರರನ್ನು ಬದಲಿಸಿದರೆ ಸರಪಳಿ ಕಳಚುತ್ತದೆ, ಅದನ್ನು ನಿಮಗೆ ಹೇಳುವ ಸೌಜನ್ಯ ಎಲ್ಲರಿಗೂ ಇರುವುದಿಲ್ಲ. ಪೋರ್ಟಲ್‌ಗೆ ಹೋಗಿ ಸರಪಳಿಯ ಸ್ಥಿತಿ ನೋಡಿ. ಹೊಸ ಕೋರಿಕೆ ಬಂದು ನಿಮ್ಮ ಒಪ್ಪಿಗೆಗೆ ಕಾಯುತ್ತಿರಬಹುದು.

"ನನ್ನ ಸಿಮ್‌ನಿಂದಲೇ ಕಳುಹಿಸಿದರೆ?"

ಇಷ್ಟೆಲ್ಲ ಕೇಳಿದ ಮೇಲೆ ಈ ಪ್ರಶ್ನೆ ಬಂದೇ ಬರುತ್ತದೆ. ಮಗಳ ಮದುವೆಗೆ ನೆಂಟರನ್ನು ಕರೆಯಲು ಧಾರಾಳವಾಗಿ ಕಳುಹಿಸಿ. ಅಂಗಡಿಯ ಪ್ರಚಾರಕ್ಕೆ ಹತ್ತಂಕಿಯ ಸಾಮಾನ್ಯ ಸಂಖ್ಯೆ ಬಳಸುವುದು ನಿಯಮಕ್ಕೆ ವಿರುದ್ಧ. ಸಂದೇಶ ಬಂದ ಏಳು ದಿನದೊಳಗೆ ಯಾರು ಬೇಕಾದರೂ ದೂರು ಕೊಡಬಹುದು. 2025ರ ತಿದ್ದುಪಡಿಯಂತೆ ಹತ್ತು ದಿನದಲ್ಲಿ ಐದು ದೂರು ಬಂದರೆ ಕ್ರಮಕ್ಕೆ ಸಾಕು. ಮೊದಲ ಸಲಕ್ಕೆ ತಪ್ಪಿತಸ್ಥರ ಸಂಪರ್ಕಗಳಿಂದ ಹೊರಹೋಗುವ ಸೇವೆಯನ್ನು ಹದಿನೈದು ದಿನ ತಡೆಯುತ್ತಾರೆ, ಮತ್ತೆ ತಪ್ಪಿದರೆ ಎಲ್ಲ ಸಂಪರ್ಕಗಳನ್ನೂ ಒಂದು ವರ್ಷ ಕಡಿದು ಕಪ್ಪುಪಟ್ಟಿಗೆ ಸೇರಿಸುತ್ತಾರೆ. ಅಂಗಡಿಯ ಸ್ಥಿರ ದೂರವಾಣಿಯೂ ಅದರಲ್ಲಿ ಹೋದೀತು.

ಇನ್ನೊಂದು ಸಹಜ ದೂರು: "ಮೆಸೇಜಿಗೆ ಉತ್ತರ ಬರೆದರೆ ಹೋಗುತ್ತಿಲ್ಲ." ಹೆಡರ್ ಬರೀ ಹೆಸರುಹಲಗೆ, ಅದಕ್ಕೆ ಮರಳಿ ಕಳುಹಿಸಲು ಬರುವುದಿಲ್ಲ. ಉತ್ತರ ಬೇಕಾದರೆ ಒಳಬರುವ ಸಂದೇಶಕ್ಕೆಂದೇ ಲಾಂಗ್ ಕೋಡ್ ಎಂಬ ಹತ್ತಂಕಿಯ ಸಂಖ್ಯೆ ಅಥವಾ ಶಾರ್ಟ್ ಕೋಡ್ ಎಂಬ ಚಿಕ್ಕ ಸಂಖ್ಯೆಯನ್ನು ಬಾಡಿಗೆಗೆ ಪಡೆಯಬೇಕು. ಸಣ್ಣ ಸಂಘಕ್ಕೆ ಅದು ದುಂದು. ಕಚೇರಿಯ ಸಂಖ್ಯೆಯನ್ನು ವೈಟ್‌ಲಿಸ್ಟ್ ಮಾಡಿಸಿ ಸಂದೇಶದಲ್ಲೇ ಬರೆಯಿರಿ. ಧ್ವನಿ ಕರೆಗಳ ದಾರಿ ಬೇರೆ: ಪ್ರಚಾರದ ಕರೆಗೆ 140ರಿಂದ ಆರಂಭವಾಗುವ ಸಂಖ್ಯೆ, ಬ್ಯಾಂಕು ಮತ್ತು ಸರ್ಕಾರದ ಸೇವಾ ಕರೆಗಳಿಗೆ 1600ರ ಸರಣಿ.

ಸೇವಾದಾರರಿಗೆ ದೂರು ಕೊಡುವಾಗ

"ಮೆಸೇಜ್ ಹೋಗುತ್ತಿಲ್ಲ, ಕೂಡಲೇ ಸರಿಪಡಿಸಿ" ಎಂದು ಬರೆದರೆ "ಪರಿಶೀಲಿಸುತ್ತೇವೆ" ಎಂಬ ಉತ್ತರ ಬರುತ್ತದೆ, ಎರಡು ದಿನ ಕಳೆಯುತ್ತದೆ. ಒಂದೇ ಒಂದು ಸಂದೇಶವನ್ನು ಹಿಡಿದು ಬರೆಯಿರಿ: ಯಾವ ಸಂಖ್ಯೆಗೆ, ಎಷ್ಟು ಗಂಟೆಗೆ, ಹೆಡರ್, ಟೆಂಪ್ಲೇಟ್ ಐಡಿ, ರಿಪೋರ್ಟಿನ ದೋಷ ಸಂಖ್ಯೆ, ಹೊರಟ ಬರಹದ ಅಕ್ಷರಶಃ ನಕಲು. ಬರಹವನ್ನು ಚಿತ್ರವಾಗಿ ಕಳುಹಿಸಬೇಡಿ. ಸೊನ್ನೆಯೂ ಅನುಸ್ವಾರವೂ ಚಿತ್ರದಲ್ಲಿ ಒಂದೇ.

ಆ ದಿನ ಸಂಘದಲ್ಲಿ ಅನುಸ್ವಾರ ಸರಿಪಡಿಸಿದ ಮೇಲೆ ಕಾರ್ಯದರ್ಶಿಗಳು ಪಟ್ಟಿ ಪೂರ್ತಿ ಮತ್ತೆ ಬಿಡಲು ಹೊರಟಿದ್ದರು. ತಡೆದು ನಿಲ್ಲಿಸಿ, ಮೂರೇ ಸಂಖ್ಯೆಗೆ ಕಳುಹಿಸಿ ಎಂದೆ: ಅವರ ಜಿಯೋ, ಅವರ ಮನೆಯವರ ಏರ್‌ಟೆಲ್, ಹಾಲು ಪರೀಕ್ಷಕರ ಬಿಎಸ್‌ಎನ್‌ಎಲ್. ಎರಡು ಫೋನ್ ತಕ್ಷಣ ಸದ್ದು ಮಾಡಿದವು. ಮೂರನೆಯದು ಬರಲಿಲ್ಲ. ಹಾಲು ಪರೀಕ್ಷಕರು ಜೇಬಿನಿಂದ ಫೋನ್ ತೆಗೆದು ನೋಡಿದರೆ ಅದು ಆರಿತ್ತು. ಹಾಕಿ ಒಂದು ನಿಮಿಷ ಕಾದ ಮೇಲೆ ಅದೂ ಬಂತು. ಉಳಿದ ಪಟ್ಟಿಯನ್ನು ಬಿಟ್ಟದ್ದು ಅದಾದ ಮೇಲೆ.